ಹತ್ತಿರದ ನಿರ್ಧಾರ, ದೂರದ ಕಣಜ
(ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿ ನೀಡಿದ ಉಪನ್ಯಾಸದ ಪಾಠ)



ಈ ಊರಿನಲ್ಲಿದ್ದ ಸಿಯರ್ಸ್ ಕಂಪನಿಯ ಮುಖ್ಯ ಕಚೇರಿಯನ್ನು ತಾವೆಲ್ಲ ಬಲ್ಲಿರಿ. 1990ರ ದಶಕದಲ್ಲಿ ಆ ಕಂಪನಿಯು ಶಿಕಾಗೋದ ಗೋಪುರವನ್ನು ತೊರೆದು ಇಲ್ಲಿ ನೆಲೆಸಿತ್ತು. 2023ರಲ್ಲಿ ಆ ನಿವೇಶನವನ್ನು ಕೊಂಡ ಕಂಪಾಸ್ ಡೇಟಾಸೆಂಟರ್ಸ್ ಸಂಸ್ಥೆಯು ಅಲ್ಲಿ ಗಣಕಗಳ ಬೃಹತ್ ಆಗರವನ್ನು ಕಟ್ಟಲು ಮುಂದಾಯಿತು. ‘ಕ್ಲೌಡ್’ ಎಂಬುದು ಆಕಾಶದಲ್ಲಿಲ್ಲ. ವಿದ್ಯುತ್ತನ್ನೂ ತಂಪನ್ನೂ ಬೇಡುವ ಇಂತಹ ಕಟ್ಟಡಗಳಲ್ಲಿದೆ.

ಹಾಗೆಂದು ಎಲ್ಲ ಗಣನೆಯನ್ನೂ ಅಲ್ಲಿಗೇ ಕಳುಹಿಸಬಹುದೇ? ವೈದ್ಯರಾದ ನಾವು ನಮ್ಮ ವೃತ್ತಿಯಿಂದಲೇ ಒಂದು ನಿದರ್ಶನ ಕೊಡುತ್ತೇವೆ. ಎದೆಯೊಳಗೆ ಅಳವಡಿಸುವ ಡಿಫಿಬ್ರಿಲೇಟರ್ ಹೃದಯದ ಲಯವನ್ನು ಸದಾ ಗಮನಿಸುತ್ತದೆ. ಮಾರಕ ಲಯ ಕಂಡರೆ ತಾನೇ ನಿರ್ಧರಿಸಿ ವಿದ್ಯುದಾಘಾತ ಕೊಡುತ್ತದೆ. ಯಾರ ಅಪ್ಪಣೆಗೂ ಕಾಯುವುದಿಲ್ಲ. ದಾಖಲೆಗಳನ್ನು ಮಾತ್ರ, ರೋಗಿಯು ನಿದ್ರಿಸುವಾಗ, ಹಾಸಿಗೆಯ ಬಳಿಯ ಯಂತ್ರದ ಮೂಲಕ ದೂರದ ಗಣಕಕ್ಕೆ ರವಾನಿಸಬಹುದು. ಮೊದಲನೆಯದು ‘ಎಡ್ಜ್’, ಅಂದರೆ ಅಂಚಿನ ಕೆಲಸ. ಎರಡನೆಯದು ಕ್ಲೌಡ್‌ನ ಕೆಲಸ.

ಅಂಚಿನ ಯಂತ್ರ ಹತ್ತಿರದ್ದು, ಆದರೆ ಅದರ ಬ್ಯಾಟರಿಯೂ ಸ್ಮರಣಶಕ್ತಿಯೂ ಅಲ್ಪ. ಕ್ಲೌಡ್ ಸಮರ್ಥ, ಆದರೆ ದೂರ. ಯಾವ ಕೆಲಸವನ್ನು ಎಲ್ಲಿ ಮಾಡಬೇಕೆಂಬ ವಿವೇಕವೇ ಸಂಪನ್ಮೂಲ ನಿರ್ವಹಣೆ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳ ನೀತಿಯೂ ಇದೇ: ರಕ್ತಸ್ರಾವವನ್ನು ಅಲ್ಲಿಯೇ ನಿಲ್ಲಿಸಬೇಕು; ದೊಡ್ಡ ಶಸ್ತ್ರಚಿಕಿತ್ಸೆಗೆ ಜಿಲ್ಲಾಸ್ಪತ್ರೆಗೆ ಕಳುಹಿಸಬೇಕು. ಎಲ್ಲರನ್ನೂ ಕಳುಹಿಸಿದರೆ ಅಲ್ಲಿ ಹಾಸಿಗೆ ಸಾಲದು. ಯಾರನ್ನೂ ಕಳುಹಿಸದಿದ್ದರೆ ಜೀವ ಉಳಿಯದು. 2001ರಲ್ಲಿ ಆರಂಭವಾದ ಇಸ್ರೋದ ಟೆಲಿಮೆಡಿಸಿನ್ ಯೋಜನೆಯು ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಉಪಗ್ರಹದ ಮೂಲಕ ಜೋಡಿಸಿತು. ತಜ್ಞರ ಸಲಹೆ ಬೆಂಗಳೂರಿನಿಂದ ಬಂದರೂ, ರೋಗಿಗೆ ಸೂಜಿ ಚುಚ್ಚುವ ಕೈ ಚಾಮರಾಜನಗರದಲ್ಲಿಯೇ ಇರಬೇಕಾಗಿತ್ತು.

ದೂರವನ್ನು ಹಣದಿಂದ ಗೆಲ್ಲಲಾಗದು. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಚಲಿಸುತ್ತದೆ. ಶಿಕಾಗೋದಿಂದ ಬೆಂಗಳೂರಿಗೆ 13 ಸಾವಿರ ಕಿ.ಮೀ.ಗೂ ಹೆಚ್ಚು. ಆದ್ದರಿಂದ ಹೋಗಿಬರಲು ಸೆಕೆಂಡಿನ ಎಂಟನೆಯ ಒಂದು ಭಾಗವಾದರೂ ಬೇಕು. ಮಾತುಕತೆಗೆ ಇದು ನಗಣ್ಯ. ವೇಗವಾಗಿ ಓಡುವ ಯಂತ್ರವನ್ನು ನಡೆಸಲು ದೀರ್ಘಕಾಲ.

ಕೊನೆಗೊಂದು ಮಾತು. ಊರಿನಲ್ಲಿ ಒಂಟಿಯಾಗಿರುವ ತಂದೆತಾಯಿಗಳಿಗೆ ನಾವು ಕ್ಯಾಮೆರಾ, ಕೈಗಡಿಯಾರಗಳನ್ನು ಕೊಡಿಸುತ್ತೇವೆ. ಅವರು ಬಿದ್ದದ್ದನ್ನು ಗಡಿಯಾರ ತಿಳಿಸಬಲ್ಲದು, ಎತ್ತಲಾರದು. ಇಲ್ಲಿಂದ ನಾವೂ ಎತ್ತಲಾರೆವು. ನಾವು ಅವರ ಪಾಲಿನ ದೂರದ ಕಣಜ; ಅಂಚಿನಲ್ಲಿರುವವರು ಪಕ್ಕದ ಮನೆಯವರು. ಅವರ ಬಳಿ ಮನೆಯ ಬೀಗದ ಕೈಯೊಂದನ್ನೂ ಔಷಧಿಗಳ ಪಟ್ಟಿಯನ್ನೂ ಕೊಟ್ಟಿರಿಸೋಣ. ಇಂದು ರಾತ್ರಿಯೇ, ಅಲ್ಲಿ ಬೆಳಗಾದೊಡನೆ, ಅವರಿಗೆ ಫೋನು ಮಾಡೋಣ.