ಖೋಲಿಯಲ್ಲಿ ಮಿಂಚಿನಾಟ ಬೇಡ
(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯಲ್ಲಿ ನಾವು ಸಾಮಾನ್ಯವಾಗಿ ಪಗಾರ, ರಜೆ, ಬೋನಸ್ಸುಗಳ ಮಾತನ್ನೇ ಆಡುವುದು. ಇಂದು ಬೇರೊಂದು ವಿಷಯ. ಪಗಾರ ಎಣಿಸುವ ಕೈ ಉಳಿದರಲ್ಲವೇ ಪಗಾರದ ಮಾತು? ಆ ಕೈಯ ಬಗೆಗೇ ಇಂದು ಎರಡು ಮಾತು ಹೇಳಲು ನಿಂತಿದ್ದೇವೆ.

ರಾತ್ರಿ ಶಟರ್ ಎಳೆದು, ಖೋಲಿಯಲ್ಲಿ ಚಾಪೆ ಹಾಸಿದ ಮೇಲೆ ನಮ್ಮ ಹುಡುಗರು ಮೊಬೈಲಿನಲ್ಲಿ ನೋಡುವುದು ಸಿನೆಮಾ ಒಂದೇ ಅಲ್ಲ. ಕೆಟ್ಟುಹೋದ ಮೈಕ್ರೊವೇವ್ ಓವನ್ನಿನ ಟ್ರಾನ್ಸ್‌ಫಾರ್ಮರನ್ನು ಹೊರತೆಗೆದು ಕಿಡಿ ಹಾರಿಸುವುದು, ಹಲಗೆಯ ಮೇಲೆ ಮಿಂಚಿನ ಕೊಂಬೆಗಳಂಥ ಚಿತ್ತಾರ ಸುಡುವುದು, ಇವನ್ನೂ ನೋಡುತ್ತಾರೆ. ಅಂಥ ಓವನ್ ಗುಜರಿಯವನ ಬಳಿ ಅಗ್ಗಕ್ಕೆ ಸಿಗುತ್ತದೆ. ಎಷ್ಟೋ ವೇಳೆ ಹೋಟೇಲಿನ ಹಿಂಬದಿಯಲ್ಲೇ ಬಿದ್ದಿರುತ್ತದೆ. ನಾವೂ ಮಾಡಿ ನೋಡೋಣವೆಂಬ ಆಸೆ ಹುಟ್ಟುವುದು ಸಹಜ. ಆ ಆಸೆಯನ್ನು ನಾವು ಹಳಿಯುವವರಲ್ಲ. ಆದರೆ ಆ ಪೆಟ್ಟಿಗೆಯೊಳಗೆ ಏನಿದೆಯೆಂದು ಮೊದಲು ತಿಳಿಯಬೇಕು.

ಮಾಳಿಗೆಯ ಮೇಲಿನ ಟಾಂಕಿ ಎತ್ತರದಲ್ಲಿದ್ದಷ್ಟೂ ನಲ್ಲಿಯ ನೀರು ರಭಸವಾಗಿ ಬರುತ್ತದಲ್ಲವೇ? ವೋಲ್ಟ್ ಎಂದರೆ ವಿದ್ಯುತ್ತಿನ ಅಂಥ ಒತ್ತಡ. ಗೋಡೆಯ ಪ್ಲಗ್ಗಿನಲ್ಲಿರುವುದು 230 ವೋಲ್ಟ್. ಟ್ರಾನ್ಸ್‌ಫಾರ್ಮರಿನಲ್ಲಿ ಒಂದೇ ಕಬ್ಬಿಣಕ್ಕೆ ಎರಡು ಸುರುಳಿ ತಂತಿ. ಮೊದಲನೆಯದರಲ್ಲಿ ಸುತ್ತು ಕಡಿಮೆ, ಎರಡನೆಯದರಲ್ಲಿ ಬಹಳ. ಮೊದಲಿನದಕ್ಕೆ 230 ವೋಲ್ಟ್ ಕೊಟ್ಟರೆ ಎರಡನೆಯದರಿಂದ ಸುಮಾರು 2000 ವೋಲ್ಟ್ ಹೊರಬರುತ್ತದೆ.

ಒತ್ತಡ ಹೆಚ್ಚಾದುದಷ್ಟೇ ಅಲ್ಲ, ಹರಿವೂ ಘನವಾದುದು. ಹಿಂದೆ ದೇವರ ಪಟದ ಮುಂದೆ ಉರಿಯುತ್ತಿದ್ದ ಜೀರೋ ಬಲ್ಬು ನಿಮಗೆ ನೆನಪಿರಬಹುದು. ಹೆಸರು ಜೀರೋ, ಎಳೆಯುವುದು ಸುಮಾರು 15 ವಾಟ್. ಲೆಕ್ಕ ಹಾಕಿದರೆ ಅದರಲ್ಲಿ ಹರಿಯುವುದು 65 ಮಿಲಿಆಂಪಿಯರ್. ಅಷ್ಟೇ ವಿದ್ಯುತ್ತು ಎದೆಯ ಮೂಲಕ ಒಂದೆರಡು ಸೆಕೆಂಡು ಹರಿದರೂ ಹೃದಯದ ಬಡಿತ ತಾಳತಪ್ಪಿ ನಿಂತುಹೋಗಬಹುದು. ಆದರೆ 2000 ವೋಲ್ಟಿನಲ್ಲಿ ಸಾವಿರ ವಾಟ್ ಕೊಡುವ ಯಂತ್ರದಿಂದ ಹರಿಯಬಲ್ಲುದು 500 ಮಿಲಿಆಂಪಿಯರ್! ದೋಸೆಯ ಕಾವಲಿಯಾದರೂ ಹತ್ತಿರ ಹೋದರೆ ಬಿಸಿ ತಾಗಿಸಿ ಎಚ್ಚರಿಸುತ್ತದೆ. ಈ ತಂತಿ ಎಚ್ಚರಿಸುವುದಿಲ್ಲ.

ಕಲಿತವರನ್ನೂ ಇದು ಬಿಟ್ಟಿಲ್ಲ. 1753ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ರಿಚ್‌ಮನ್ ಎಂಬ ಪ್ರೊಫೆಸರು ಸಿಡಿಲಿನ ವಿದ್ಯುತ್ತನ್ನು ಅಳೆಯಲು ತನ್ನ ಮನೆಯಲ್ಲೇ ಕಬ್ಬಿಣದ ಸಲಾಕೆಯ ಏರ್ಪಾಡು ಮಾಡಿಕೊಂಡಿದ್ದನು. ಗುಡುಗಿನ ದಿನ ಅದನ್ನು ಪರೀಕ್ಷಿಸುತ್ತಿದ್ದಾಗಲೇ ಸಿಡಿಲು ಬಡಿದು ಸತ್ತನು. ನಮ್ಮ ಕಾಲದ ಮಾತು ಕೇಳಿ. ಅಮೆರಿಕದ ಮರಗೆಲಸಗಾರರ ಒಂದು ದೊಡ್ಡ ಸಂಘವು, ಹಲಗೆಯ ಮೇಲೆ ಹೈವೋಲ್ಟೇಜಿನಿಂದ ಚಿತ್ತಾರ ಸುಡುವ ಕೆಲಸವನ್ನು ತನ್ನ ಸಭೆಗಳಲ್ಲಿ 2017ರಲ್ಲೇ ನಿಷೇಧಿಸಿತು. ಈ ಹವ್ಯಾಸದಿಂದಾದ 30ಕ್ಕೂ ಹೆಚ್ಚು ಸಾವುಗಳನ್ನು ಅದು ಲೆಕ್ಕವಿಟ್ಟಿದೆ. ಉಳಿ, ಗರಗಸಗಳ ನಡುವೆ ಬಾಳುವ ಜನರೇ ಇದು ಬೇಡವೆಂದ ಮೇಲೆ ನಮ್ಮ ಖೋಲಿಯಲ್ಲೇಕೆ?

ಹುಡುಗರು ನಮಗೆ ಮೂರು ಸಮಾಧಾನ ಹೇಳುತ್ತಾರೆ. ಮೂರನ್ನೂ ಪರೀಕ್ಷಿಸೋಣ.

"ಅಣ್ಣಾ, ಪ್ಲಗ್ ಕಿತ್ತಿದ್ದೇವೆ." ಓವನ್ನಿನಲ್ಲಿ ಕೆಪಾಸಿಟರ್ ಎಂಬ ಡಬ್ಬಿಯಿದೆ. ಅದು ವಿದ್ಯುತ್ತನ್ನು ತುಂಬಿಟ್ಟುಕೊಳ್ಳುತ್ತದೆ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಪ್ರಾಣ ತೆಗೆಯುವಷ್ಟು ಉಳಿದಿರಬಹುದು.

"ಫ್ಯೂಸ್ ಇದೆ, ಇ.ಎಲ್.ಸಿ.ಬಿ. ಇದೆ." ಗೋಡೆಯಿಂದ ಹೋದ ವಿದ್ಯುತ್ತು ಅಷ್ಟೇ ಹಿಂದಿರುಗಿತೇ ಎಂದು ನೋಡುವುದು ಇ.ಎಲ್.ಸಿ.ಬಿ.ಯ ಕೆಲಸ. ಎರಡನೆಯ ಸುರುಳಿಯ ವಿದ್ಯುತ್ತು ಮನುಷ್ಯನ ಮೈಯಲ್ಲಿ ಹರಿದು ಅದೇ ಸುರುಳಿಗೆ ಮರಳುತ್ತದೆ. ಗೋಡೆಯ ಕಡೆಯ ಲೆಕ್ಕ ಸರಿಯಾಗಿಯೇ ಇರುತ್ತದೆ. ಫ್ಯೂಸಿಗಂತೂ ಅದು ಮಾಮೂಲಿ ಹೊರೆ. ಮನುಷ್ಯ ಸಾಯುತ್ತಿದ್ದರೂ ಎರಡೂ ಸುಮ್ಮನಿರುತ್ತವೆ.

"ರಬ್ಬರ್ ಚಪ್ಪಲಿ, ಕೈಚೀಲ ಹಾಕಿದ್ದೇವೆ." ಪಾತ್ರೆ ತೊಳೆಯುವ ಕೈಚೀಲ ಸೋಪಿನ ನೀರಿಗೆ ಮಾಡಿದ್ದು, 2000 ವೋಲ್ಟಿಗಲ್ಲ. ಒಂದು ಕೈ ಒಂದು ತಂತಿಗೆ, ಇನ್ನೊಂದು ಕೈ ಇನ್ನೊಂದಕ್ಕೆ ತಾಗಿದರೆ ಕಾಲಿನ ಚಪ್ಪಲಿ ಏನು ಮಾಡೀತು? ಹಾದಿ ನೇರವಾಗಿ ಎದೆಯ ಮೂಲಕವೇ.

ಇನ್ನು ಕೆಲಸದ ಮಾತು. ಓವನ್ ಕೆಟ್ಟಾಗ ಗಲ್ಲಾದ ಮೇಲೆ ಕುಳಿತವರು "ಮೆಕ್ಯಾನಿಕನಿಗೆ ಯಾಕೆ ದುಡ್ಡು, ನೀನೇ ಬಿಚ್ಚಿ ನೋಡು ಮಾರಾಯ" ಎನ್ನುವುದುಂಟು. ಧಣಿಗಳಿಗೆ ವಿನಯದಿಂದಲೇ ಹೇಳಿ: "ಇದು ನಮ್ಮ ಕೆಲಸವಲ್ಲ, ತಿಳಿದವರನ್ನು ಕರೆಸಿ." ಒಬ್ಬನಿಂದ ಹೇಳಲಾಗದಿದ್ದರೆ ನಾಲ್ವರು ಕೂಡಿ ಹೇಳಿ. ಅದಕ್ಕಾಗಿಯೇ ಅಲ್ಲವೇ ಸಂಘ?

ಯಾರಿಗಾದರೂ ಶಾಕ್ ತಗಲಿದರೆ ಓಡಿಹೋಗಿ ಮುಟ್ಟಬೇಡಿ. ಮೊದಲು ಮೇನ್ ಸ್ವಿಚ್ ಆರಿಸಿ. ಒಬ್ಬರು 108ಕ್ಕೆ ಫೋನ್ ಮಾಡಿ. ಎಚ್ಚರವಿಲ್ಲದೆ ಉಸಿರೂ ಸರಿಯಾಗಿ ಆಡದಿದ್ದರೆ ಎದೆಯ ನಡುವೆ ಅಂಗೈಯ ಮೇಲೆ ಅಂಗೈಯಿಟ್ಟು, ಸುಮಾರು 5 ಸೆಂಟಿಮೀಟರ್ ಇಳಿಯುವಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಿರಿ. ದಣಿದರೆ ಇನ್ನೊಬ್ಬರು ಮುಂದುವರಿಸಿ. ಎದ್ದು ಕುಳಿತು "ಏನೂ ಆಗಿಲ್ಲ" ಎಂದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಒಳಗಿನ ಸುಟ್ಟಗಾಯ ಹೊರಗೆ ಕಾಣದು.

ಹಾಗಾದರೆ ಹೋಟೇಲಿನ ಹುಡುಗನಿಗೆ ವಿಜ್ಞಾನ ಬೇಡವೇ? ಬೇಕು, ಖಂಡಿತ ಬೇಕು. ಟ್ರಾನ್ಸ್‌ಫಾರ್ಮರಿನ ಮೂಲತತ್ತ್ವವನ್ನು 1831ರಲ್ಲಿ ಕಂಡುಹಿಡಿದ ಮೈಕೇಲ್ ಫ್ಯಾರಡೆ ಕಮ್ಮಾರನ ಮಗ. ಸಣ್ಣ ವಯಸ್ಸಿನಲ್ಲೇ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸಕ್ಕೆ ನಿಂತವನು. ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ಕಲಿತನು. ಸುರುಳಿ ತಂತಿಯೊಳಗೆ ಅಯಸ್ಕಾಂತವನ್ನು ಆಡಿಸಿದರೆ ವಿದ್ಯುತ್ತು ಹುಟ್ಟುತ್ತದೆಂದು ತೋರಿಸಿಕೊಟ್ಟನು. ವಿದ್ಯುತ್ತಿಗೂ ಅಯಸ್ಕಾಂತಕ್ಕೂ ಇರುವ ನಂಟನ್ನು ತಿಳಿಯಲು 2000 ವೋಲ್ಟ್ ಬೇಕಿಲ್ಲ. ಒಂದು ಕಬ್ಬಿಣದ ಮೊಳೆ, ಅದಕ್ಕೆ ಸುತ್ತಲು ಮೇಲ್ಲೇಪವಿರುವ ತಾಮ್ರದ ತಂತಿ, ಗಡಿಯಾರಕ್ಕೆ ಹಾಕುವ 1.5 ವೋಲ್ಟಿನ ಒಂದು ಸೆಲ್ ಸಾಕು. ತಂತಿಯ ತುದಿಗಳನ್ನು ಕೆರೆದು ಸೆಲ್ಲಿಗೆ ಹಿಡಿದೊಡನೆ ಮೊಳೆ ಗುಂಡುಸೂಜಿಗಳನ್ನು ಎತ್ತುತ್ತದೆ, ಬಿಟ್ಟೊಡನೆ ಉದುರಿಸುತ್ತದೆ. ತಂತಿ ಬಿಸಿಯಾಗುತ್ತದೆ, ಆದುದರಿಂದ ಐದು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ. ಎಚ್ಚರಿಕೆ ಇಷ್ಟೇ.

ಕಾರ್ಯಕಾರಿ ಸಮಿತಿಯವರಲ್ಲಿ ನಮ್ಮ ಬಿನ್ನಹವೊಂದಿದೆ. ತಿಂಗಳಿಗೊಂದು ಸಂಜೆ ಸಂಘದ ಕೋಣೆಯನ್ನು ಇಂಥ ಪ್ರಯೋಗಗಳಿಗೆ ಬಿಟ್ಟುಕೊಡಬೇಕು. ತಿಳಿದ ಒಬ್ಬ ಮೇಷ್ಟರನ್ನು ಕರೆಸಬೇಕು. ಗಿರಣಿಯಲ್ಲಿ ಮೋಟಾರು, ಸ್ಟಾರ್ಟರುಗಳ ಜೊತೆ ವರ್ಷಗಟ್ಟಲೆ ದುಡಿದ ಹಿರಿಯರು ನಮ್ಮಲ್ಲಿದ್ದಾರೆ. ಅವರೂ ಬಂದು ಕೂತು ಹೇಳಬೇಕು. ಕಲಿಯಲು ಜಾಗ ಕೊಡದೆ ಬರಿದೇ ಬೇಡವೆಂದರೆ ಹುಡುಗರು ಬಾಗಿಲು ಹಾಕಿಕೊಂಡು ಮಾಡುತ್ತಾರೆ. ಮುಚ್ಚಿದ ಬಾಗಿಲ ಹಿಂದೆ ಬಿದ್ದವನನ್ನು ಎತ್ತುವವರಿಲ್ಲ.

ಊರಿನಲ್ಲಿ ತಾಯಂದಿರು ಮಕ್ಕಳನ್ನು ಈ ಶಹರಕ್ಕೆ ಕಳಿಸಿದ್ದು ದುಡಿದು ಬಾಳಲಿ ಎಂದು. ಆದುದರಿಂದ ಬಂಧುಗಳೇ, ಖೋಲಿಯಲ್ಲಿ ಬಿಚ್ಚಿಟ್ಟ ಓವನ್ ಏನಾದರೂ ಇದ್ದರೆ ಅದರ ಪ್ಲಗ್ ಕೀಳಿಸಿ, ಒಳಗೆ ಯಾರೂ ಕೈಹಾಕದಂತೆ ನೋಡಿಕೊಳ್ಳಿ. ಸಂಘಕ್ಕೆ ತಿಳಿಸಿ, ಮೆಕ್ಯಾನಿಕನನ್ನು ನಾವು ಕರೆತರುತ್ತೇವೆ. ಮುಂದಿನ ಸಭೆಗೆ ಬರುವಾಗ ಹುಡುಗರನ್ನೂ ಕರೆತನ್ನಿ. ಮೊಳೆ, ತಂತಿ, ಸೆಲ್ಲುಗಳನ್ನು ನಾವು ತಂದಿರುತ್ತೇವೆ.