ರಜೆಯ ಎರಡು ತಿಂಗಳು
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಕಂಪ್ಯೂಟರ್ ಮುಂದೆ ಕೂತು ಸಂಬಳ ಎಣಿಸುವ ನಾನು ದನದ ಡಾಕ್ಟರುಗಳ ಬಗ್ಗೆ ಮಾತಾಡುತ್ತೇನೆ ಎಂದಾಗ ಕಾರ್ಯದರ್ಶಿಗಳು ನಕ್ಕರು. ಇದಕ್ಕೆ ಕಾರಣ ನನ್ನ ಅಕ್ಕನ ಮಗಳು. ಊರಿನಲ್ಲಿ ಪಶುವೈದ್ಯಕೀಯ ಓದುತ್ತಿದ್ದಾಳೆ. ಹೋದ ವರ್ಷ ರಜೆಯಲ್ಲಿ ಎರಡು ತಿಂಗಳು, ಒಂದು ಪ್ರಯೋಗಾಲಯದಲ್ಲಿ ಉಣುಗುಗಳ ಬಗ್ಗೆ ಸಂಶೋಧನೆ ಕಲಿಯುವ ಅವಕಾಶ ಅವಳಿಗೆ ಸಿಕ್ಕಿತ್ತು. ಕಲಿಸುವ ಗುರುಗಳು ಒಪ್ಪಿದ್ದರು. ಆದರೆ ರೂಮಿನ ಬಾಡಿಗೆ, ಊಟ, ಬಸ್ಸಿನ ಖರ್ಚು ಕೊಡುವವರು ಯಾರು? ಹೋಗಲಿಲ್ಲ. ನನಗೆ ಗೊತ್ತಾಗಿದ್ದು ರಜೆ ಮುಗಿದ ಮೇಲೆ. "ನಿಮಗೆ ಯಾಕೆ ತೊಂದರೆ ಅಂತ ಸುಮ್ಮನಾದೆ ಮಾಮಾ" ಅಂದಳು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಉಣುಗು ಏನು ಮಹಾ ಎನ್ನಬೇಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲ ಹಳ್ಳಿಗಳ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹುಡುಕಿದಾಗ ಸಿಕ್ಕಿದ್ದು ಹೊಸ ವೈರಸ್, ಅದನ್ನು ಹರಡುತ್ತಿದ್ದುದು ಉಣುಗು. ಅದೇ ಮಂಗನ ಕಾಯಿಲೆ. ಕಾಡಿಗೆ ಮೇಯಲು ಹೋಗುವ ದನಗಳ ರಕ್ತ ಕುಡಿದೇ ಈ ಉಣುಗುಗಳು ಹೆಚ್ಚುತ್ತವೆ. ಹೀಗಾಗಿ ಮನುಷ್ಯರ ಡಾಕ್ಟರು ಒಬ್ಬರೇ ಇದನ್ನು ಬಿಡಿಸಲಾರರು.

ನಾವಿರುವ ಒಮಾನಿನಲ್ಲೂ ಅಷ್ಟೇ. ಇಲ್ಲಿ ಬಕ್ರೀದ್ ಸಮಯದಲ್ಲಿ ಎಚ್ಚರಿಕೆ ಹೇಳುವ ಕ್ರಿಮಿಯನ್-ಕಾಂಗೋ ಜ್ವರಕ್ಕೂ ಉಣುಗೇ ಮೂಲ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಮಾನಿನ 50 ಒಂಟೆಗಳ ರಕ್ತ ನೋಡಿದರು. ಮರ್ಸ್ ಮಾದರಿಯ ವೈರಸ್ ತಗುಲಿದ್ದ ಗುರುತು 50ರಲ್ಲೂ ಇತ್ತು!

ಎರಡು ತಿಂಗಳಲ್ಲಿ ವಿದ್ಯಾರ್ಥಿ ಏನು ಕಲಿಯುತ್ತಾನೆ ಎಂದು ಸಮಿತಿಯಲ್ಲೊಬ್ಬರು ಕೇಳಿದರು. ಅಪಾಯದ ವೈರಸ್ಸನ್ನು ಯಾರೂ ಅವನ ಕೈಗೆ ಕೊಡುವುದಿಲ್ಲ, ಅಕ್ಕಂದಿರು ಹೆದರಬೇಡಿ. ಹಸುವಿನ ಮೈಯಿಂದ ಉಣುಗು ತೆಗೆಯುವುದು, ಯಾವ ಊರು, ಯಾವ ದಿನ ಎಂದು ಚೀಟಿ ಅಂಟಿಸುವುದು, ಸೂಕ್ಷ್ಮದರ್ಶಕದಲ್ಲಿ ಜಾತಿ ಗುರುತಿಸುವುದು, ಲೆಕ್ಕ ಬರೆಯುವುದು. ಒಂದು ಚೀಟಿ ತಪ್ಪಿದರೆ ಇಡೀ ದಿನದ ಕೆಲಸ ನೀರುಪಾಲು. ಹುಡುಕಿದ್ದು ಸಿಗದಿದ್ದರೆ "ಸಿಗಲಿಲ್ಲ" ಎಂದೇ ಬರೆಯಬೇಕು. ನಮ್ಮ ಸಾಫ್ಟ್‌ವೇರಿನಲ್ಲಿ ಇಷ್ಟು ಕಲಿಯಲು ನನಗೆ ಹತ್ತು ವರ್ಷ ಹಿಡಿಯಿತು.

ನಮ್ಮ ದೇಶದ ವೈದ್ಯಕೀಯ ವಿದ್ಯಾರ್ಥಿಗಳಿಗಾಗಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1979ರಲ್ಲೇ ಎರಡು ತಿಂಗಳ ಸಂಶೋಧನಾ ವೇತನ ಶುರುಮಾಡಿತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ ಬೇರೆ ಬೇರೆ ದೇಶಗಳ ಪಶುವೈದ್ಯ ವಿದ್ಯಾರ್ಥಿಗಳಿಗೆ 10 ವಾರಗಳ ಬೇಸಿಗೆ ತರಬೇತಿ ನಡೆಸುತ್ತ ಬಂದಿದೆ. ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗದ ಕಾಲೇಜುಗಳಲ್ಲಿ ಓದುವ ರೈತರ ಮಕ್ಕಳು ಜಾಣತನದಲ್ಲಿ ಯಾರಿಗೂ ಕಡಿಮೆಯಿಲ್ಲ.

ನಮ್ಮ ವಿದ್ಯಾರ್ಥಿವೇತನ ಫೀಸಿಗೇ ಸಾಲುತ್ತಿಲ್ಲ ಎಂಬ ಖಜಾಂಚಿಗಳ ಮಾತು ನಿಜ. ಅದನ್ನು ಮುಟ್ಟುವುದು ಬೇಡ. ವರ್ಷಕ್ಕೆ ಇಬ್ಬರು ಪಶುವೈದ್ಯ ವಿದ್ಯಾರ್ಥಿಗಳಿಗೆ ರಜೆಯ ಎರಡು ತಿಂಗಳ ಊಟ, ವಸತಿ, ಪ್ರಯಾಣದ ಖರ್ಚನ್ನು ಬೇರೆಯಾಗಿ ಕೂಡಿಸೋಣ. ಅಕ್ಕನ ಮಗಳು ಅರ್ಜಿ ಹಾಕುವುದಿಲ್ಲ, ಅವಳಿಗೆ ನಾನಿದ್ದೇನೆ. ಮೊದಲ ವಿದ್ಯಾರ್ಥಿಯ ಖರ್ಚು ಈ ವರ್ಷ ನಮ್ಮ ಮನೆಯದು. ಎರಡನೆಯ ಹೆಸರಿನ ಜಾಗ ಖಾಲಿ ಇದೆ. ಊಟದ ಹೊತ್ತಿನಲ್ಲಿ ಪುಸ್ತಕ ಹಿಡಿದುಕೊಂಡು ಬಾಗಿಲ ಬಳಿಯೇ ನಿಂತಿರುತ್ತೇನೆ.