ಕ್ಷೌರದ ಕತ್ತಿಯೂ ಬಿಸಾಡುವ ಸಂಸ್ಕೃತಿಯೂ

(ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆಯಲ್ಲಿ ರೈತರು, ಯುವಜನರು ಹಾಗೂ ಕ್ಷೌರವೃತ್ತಿಯ ಹಿರಿಯರು ಸೇರಿದ್ದ ಸಭೆಯಲ್ಲಿ ನಮ್ಮ ಬಳಗದ ಪರವಾಗಿ ಮಾಡಿದ ಭಾಷಣದ ಪಠ್ಯ)



ಮಲೆನಾಡಿನಿಂದ ಬಂದವರು ಬಯಲಿನ ಸಭೆಯಲ್ಲಿ ಕಾಡಿನ ಬಗ್ಗೆಯೋ ಕಾವೇರಿಯ ಬಗ್ಗೆಯೋ ಮಾತನಾಡುವುದು ವಾಡಿಕೆ. ನಮ್ಮ ಬೆಟ್ಟಗಳಲ್ಲಿ ಬಿದ್ದ ಮಳೆ ಕನ್ನಂಬಾಡಿಯನ್ನು ತುಂಬಿ, ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಈ ಸೀಮೆಯ ಕಬ್ಬಿನ ಗದ್ದೆಗಳನ್ನು ಮುಟ್ಟುತ್ತದೆ. ಆ ನಂಟನ್ನು ತಮಗೆ ಹೊಸದಾಗಿ ಹೇಳಬೇಕಾಗಿಲ್ಲ. ಆದ್ದರಿಂದ ಇಂದು ಅಂಗೈಯಲ್ಲಿ ಹಿಡಿಸುವ ಒಂದು ಸಣ್ಣ ವಸ್ತುವಿನ ಬಗ್ಗೆ ಮಾತನಾಡಲು ಅಪ್ಪಣೆ ಬೇಡುತ್ತೇನೆ. ಅದು ಮಡಿಸುವ ಕ್ಷೌರದ ಕತ್ತಿ. ಅನೇಕ ಮನೆಗಳ ಅಟ್ಟದಲ್ಲಿ, ಹಳೆಯ ಕ್ಷೌರದಂಗಡಿಗಳ ಪೆಟ್ಟಿಗೆಯಲ್ಲಿ ತುಕ್ಕು ಹಿಡಿದು ಅದು ಇನ್ನೂ ಮಲಗಿದೆ. ಅದನ್ನು ಗುಜರಿಗೆ ಹಾಕುವ ಮುನ್ನ ಅದರ ಕಥೆಯನ್ನೊಮ್ಮೆ ಕೇಳಬೇಕು.

ಕಥೆ ಉಕ್ಕಿನಿಂದ ಆರಂಭವಾಗುತ್ತದೆ. ಹಳೆಯ ಮೈಸೂರು ಸೀಮೆಯಲ್ಲಿ ಕಬ್ಬಿಣವನ್ನು ಮಣ್ಣಿನ ಮೂಸೆಯಲ್ಲಿಟ್ಟು, ಸಸ್ಯದ ಇಂಗಾಲ ಬೆರೆಸಿ ಕಾಯಿಸಿ ಉಕ್ಕು ಮಾಡುತ್ತಿದ್ದರು. 1800-01ರಲ್ಲಿ ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಕಬ್ಬಿಣದ ಕುಲುಮೆಗಳನ್ನೂ ಉಕ್ಕಿನ ಕೆಲಸವನ್ನೂ ಕಣ್ಣಾರೆ ಕಂಡು ವಿವರವಾಗಿ ಬರೆದಿದ್ದಾನೆ. ಇಂಗ್ಲಿಷರು ಈ ಲೋಹವನ್ನು ‘ವೂಟ್ಸ್’ ಎಂದು ಕರೆದರು. ಅದು ನಮ್ಮ ‘ಉಕ್ಕು’ ಶಬ್ದವೇ ರೂಪ ಬದಲಿಸಿದ್ದು ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಲಂಡನ್ನಿನ ಜೇಮ್ಸ್ ಸ್ಟೊಡಾರ್ಟ್ ಎಂಬ ಕತ್ತಿ ತಯಾರಕನು ನವಿರಾದ ಹರಿತಕ್ಕೆ ಈ ಉಕ್ಕೇ ಶ್ರೇಷ್ಠವೆಂದು ಸಾರಿದನು. ವಿದ್ಯುತ್ತಿನ ಸಂಶೋಧನೆಯಿಂದ ಮುಂದೆ ಜಗತ್ಪ್ರಸಿದ್ಧನಾದ ಮೈಕೆಲ್ ಫ್ಯಾರಡೆಯು ಅದೇ ಸ್ಟೊಡಾರ್ಟನ ಜೊತೆಗೂಡಿ ಇದರ ಗುಟ್ಟನ್ನು ಅರಿಯಲು ಯತ್ನಿಸಿ, 1820ರಲ್ಲಿ ಉಕ್ಕಿನ ಮಿಶ್ರಲೋಹಗಳ ಪ್ರಯೋಗಗಳನ್ನು ಪ್ರಕಟಿಸಿದನು. ಆ ಪ್ರಯೋಗಗಳಿಂದ ದೊರೆತ ಉಕ್ಕಿನಲ್ಲಿ ಕ್ಷೌರದ ಕತ್ತಿಗಳನ್ನು ಮಾಡಿಸಿ ಗೆಳೆಯರಿಗೆ ಕಾಣಿಕೆ ಕೊಟ್ಟನು.

ಮುಂದೆ ಆದದ್ದು ನಮಗೆಲ್ಲ ಗೊತ್ತಿರುವ ಕಥೆ. ಇಂಗ್ಲೆಂಡಿನ ಶೆಫೀಲ್ಡ್ ಮತ್ತು ಜರ್ಮನಿಯ ಸೋಲಿಂಗೆನ್ ಪಟ್ಟಣಗಳ ಕಾರ್ಖಾನೆಗಳು ಜಗತ್ತಿಗೆಲ್ಲ ಕತ್ತಿ ಮಾರಿದವು. ಉಕ್ಕಿಗೆ ಹೆಸರಾಗಿದ್ದ ನಾಡಿನ ಮೂಸೆಗಳು ತಣ್ಣಗಾದವು. ನಮ್ಮ ಕ್ಷೌರಿಕರ ಹಡಪದೊಳಗೆ ಆ ಊರುಗಳ ಮುದ್ರೆಯಿದ್ದ ಕತ್ತಿಗಳು ಬಂದು ಸೇರಿದವು. ಹಾಗೆಂದು ಆ ಕತ್ತಿಯನ್ನು ಹಳಿಯಲಾಗದು. ಕೊಂಡವನ ಮಗನೂ ಮೊಮ್ಮಗನೂ ಬಳಸಲೆಂದೇ ಅದನ್ನು ಮಾಡಿದ್ದರು.

1901ರಲ್ಲಿ ಅಮೆರಿಕದಲ್ಲಿ ಕಿಂಗ್ ಜಿಲೆಟ್ ಎಂಬಾತನು ಕಂಪನಿಯೊಂದನ್ನು ಸ್ಥಾಪಿಸಿ, 1904ರಲ್ಲಿ ತೆಳುವಾದ ಬ್ಲೇಡಿನ ರೇಜರಿಗೆ ಪೇಟೆಂಟ್ ಪಡೆದನು. ಮಸೆಯಬೇಕಿಲ್ಲ, ತೀಡಬೇಕಿಲ್ಲ ಎಂಬುದೇ ಅದರ ಜಾಹೀರಾತು. ಹರಿತ ಹೋದರೆ ಬಿಸಾಡುವುದು, ಮತ್ತೊಂದನ್ನು ಕೊಳ್ಳುವುದು. ಆದರೂ ಆಗ ಹಿಡಿಯಾದರೂ ಲೋಹದ್ದಾಗಿ ಬಾಳಿಕೆ ಬರುತ್ತಿತ್ತು. 1975ರಲ್ಲಿ ಫ್ರಾನ್ಸಿನ ಬಿಕ್ ಕಂಪನಿ ಹಿಡಿಯ ಸಮೇತ ಎಸೆಯುವ ಪ್ಲಾಸ್ಟಿಕ್ ರೇಜರನ್ನು ಮಾರುಕಟ್ಟೆಗೆ ತಂದಿತು. ಮಸೆಯುವ ವಿದ್ಯೆ ಅಲ್ಲಿಗೆ ಅನಗತ್ಯವಾಯಿತು, ಬಿಸಾಡುವುದೇ ನಾಗರಿಕತೆಯಾಯಿತು.

ಒಂದು ಲೆಕ್ಕ ಹಾಕೋಣ. ವಾರಕ್ಕೆ 3 ಸಲ ಕ್ಷೌರ ಮಾಡಿಕೊಳ್ಳುವವನು ಒಂದು ಪ್ಲಾಸ್ಟಿಕ್ ರೇಜರನ್ನು 6 ಸಲ ಬಳಸುತ್ತಾನೆಂದು ಇಟ್ಟುಕೊಳ್ಳೋಣ. ವರ್ಷಕ್ಕೆ 26 ರೇಜರು. 40 ವರ್ಷಕ್ಕೆ 1,040. ಇಂತಹ 500 ಗಂಡಸರಿರುವ ಊರಿನಿಂದ ವರ್ಷಕ್ಕೆ 13,000 ರೇಜರುಗಳು ತಿಪ್ಪೆಗೋ ನಾಲೆಗೋ ಸೇರುತ್ತವೆ. ಪ್ಲಾಸ್ಟಿಕ್ಕಿನೊಳಗೆ ಉಕ್ಕು ಹುದುಗಿರುವುದರಿಂದ ಎರಡನ್ನೂ ಬಿಡಿಸುವುದು ಕಷ್ಟ. ಗುಜರಿಯವರು ಕೈಯಿಂದಲೂ ಮುಟ್ಟುವುದಿಲ್ಲ. 2022ರ ಜುಲೈ 1ರಿಂದ ಕೇಂದ್ರ ಸರ್ಕಾರವು ಒಮ್ಮೆ ಬಳಸಿ ಎಸೆಯುವ ಕೆಲವು ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿದಾಗ ಆ ಪಟ್ಟಿಯಲ್ಲಿ ಲೋಟ, ತಟ್ಟೆ, ಸ್ಟ್ರಾಗಳಿದ್ದವು, ರೇಜರು ಇರಲಿಲ್ಲ.

ಇದು ಬಯಲಿನ ಕಸದ ಪ್ರಶ್ನೆ ಮಾತ್ರವಲ್ಲ, ಬೆಟ್ಟದ ಪ್ರಶ್ನೆಯೂ ಹೌದು. ಕುದುರೆಮುಖದ ಬೆಟ್ಟಗಳನ್ನು ಬಗೆದು ಅದಿರು ತೆಗೆದ ಕಾಲದಲ್ಲಿ ಭದ್ರೆಯ ನೀರು ಕೆಂಪಾಗಿ ಹರಿದದ್ದನ್ನು ಮಲೆನಾಡು ಮರೆತಿಲ್ಲ. 2002ರ ಸುಪ್ರೀಂ ಕೋರ್ಟ್ ಆದೇಶದ ಫಲವಾಗಿ 2005ರ ಡಿಸೆಂಬರ್ ಕೊನೆಗೆ ಆ ಗಣಿಗಾರಿಕೆ ನಿಂತಿತು. ಬಳ್ಳಾರಿಯಲ್ಲಿ ಅದೇ ನ್ಯಾಯಾಲಯ 2011ರಲ್ಲಿ ಕೈಹಾಕಬೇಕಾಯಿತು. ಬೆಟ್ಟ ಕಡಿದು ತೆಗೆದ ಲೋಹವನ್ನು ಮೂರು ತಲೆಮಾರು ಬಳಸುವುದಕ್ಕೂ ಎರಡು ವಾರದಲ್ಲಿ ಎಸೆಯುವುದಕ್ಕೂ ಅಂತರವಿಲ್ಲವೆ? ಗಣಿಯನ್ನು ವಿರೋಧಿಸುವವರು ತಮ್ಮ ಬಚ್ಚಲಿನ ಗೂಡನ್ನೂ ಒಮ್ಮೆ ನೋಡಿಕೊಳ್ಳಬೇಕು.

ಈಗ ಕತ್ತಿಯನ್ನು ಮರಳಿ ಬದುಕಿಸುವ ಬಗೆ. ಮೊದಲು ಬೆಳಕಿಗೆ ಹಿಡಿದು ಅದರ ಬಾಯಿಯನ್ನು ನೋಡಬೇಕು. ಬಿರುಕಿದ್ದರೆ, ಬಾಯಿಯ ಅಂಚಿನಲ್ಲೇ ತುಕ್ಕು ಆಳವಾದ ಚುಕ್ಕೆಗಳಾಗಿ ಇಳಿದಿದ್ದರೆ ಅದನ್ನು ಕೈಬಿಡುವುದು ಲೇಸು. ಅಲಗಿನ ಮೈಮೇಲಿನ ತುಕ್ಕಿಗೆ ಹೆದರಬೇಕಿಲ್ಲ. ಸೀಮೆಎಣ್ಣೆ ಅಥವಾ ಬೇರೆ ತೆಳು ಎಣ್ಣೆ ಹಚ್ಚಿ ಒಂದು ದಿನ ಬಿಟ್ಟು, ನಯವಾದ ಮರಳುಕಾಗದದಿಂದ ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ನಿಧಾನವಾಗಿ ಉಜ್ಜಿದರೆ ಸಾಕು. ಗರಗರನೆ ತಿರುಗುವ ವಿದ್ಯುತ್ ಸಾಣೆಗೆ ಮಾತ್ರ ಕೊಡಬೇಡಿ. ತೆಳುವಾದ ಅಲಗು ಕ್ಷಣದಲ್ಲಿ ಕಾಯುತ್ತದೆ. ನೀಲಿ ಬಣ್ಣ ಕಂಡಿತೆಂದರೆ ಉಕ್ಕಿನ ಹದ ಹೋಯಿತೆಂದೇ ಅರ್ಥ. ಬಳಿಕ ಅದು ಹರಿತವನ್ನು ಹಿಡಿದುಕೊಳ್ಳುವುದಿಲ್ಲ.

ಹಿಡಿ ಒಡೆದಿದ್ದರೆ ಬಿದಿರಿನಿಂದಲೋ ಹಲಸಿನ ಮರದ ತುಂಡಿನಿಂದಲೋ ಹೊಸದನ್ನು ಕೆತ್ತಿ ಹಿತ್ತಾಳೆಯ ಮೊಳೆ ಬಡಿಯಬಹುದು. ಹಳೆಯ ಕತ್ತಿಗಳಲ್ಲಿ ಕೊಂಬಿನ ಹಿಡಿಗಳಂತೆ ಆನೆದಂತದ ಹಿಡಿಗಳೂ ಇದ್ದವು. ಸಂಗ್ರಹದ ಹುಚ್ಚಿನಿಂದ ಅಂಥವನ್ನು ಹುಡುಕಿ ಕೊಳ್ಳುವುದು ಸಲ್ಲದು. ದಂತದ ವ್ಯಾಪಾರ ಕಾನೂನಿಗೂ ವಿರುದ್ಧ, ನಮ್ಮ ಚಳವಳಿಯ ನೀತಿಗೂ ವಿರುದ್ಧ.

ಮಸೆಯುವ ಕಲ್ಲು ಸಮತಟ್ಟಾಗಿರಬೇಕು. ಕುಡುಗೋಲು ಮಸೆಯುವಾಗ ಕೋನವನ್ನು ಕೈ ನಿರ್ಧರಿಸುತ್ತದೆ. ಕ್ಷೌರದ ಕತ್ತಿಯಲ್ಲಿ ಅದನ್ನು ಕತ್ತಿಯ ಬೆನ್ನೇ ನಿರ್ಧರಿಸುತ್ತದೆ. ಬೆನ್ನೂ ಬಾಯಿಯೂ ಏಕಕಾಲದಲ್ಲಿ ಕಲ್ಲಿಗೆ ತಾಗುವಂತೆ ಮಲಗಿಸಿ, ನೀರು ಚಿಮುಕಿಸಿ, ಬಾಯಿ ಮುಂದಾಗಿ ತಳ್ಳಬೇಕು. ಬೆನ್ನಿನ ಮೇಲೆ ಹೊರಳಿಸಿ, ಮತ್ತೆ ಬಾಯಿ ಮುಂದಾಗಿ ಎಳೆಯಬೇಕು. ಅಂಗಡಿಯಲ್ಲಿ ದೊರೆಯುವ ಕಲ್ಲುಗಳಲ್ಲಿ 1,000ದ ಕಲ್ಲು ಬಾಯಿ ಮೂಡಿಸಲು, 4,000 ಮತ್ತು 8,000ದವು ನಯಗೊಳಿಸಲು, 12,000ದ್ದು ಕೊನೆಯ ಹೊಳಪಿಗೆ. ಕೈಯ ಭಾರ ಕತ್ತಿಯ ಭಾರಕ್ಕಿಂತ ಹೆಚ್ಚಾಗಬಾರದು. ಇದಾದ ಬಳಿಕ ಚರ್ಮದ ಪಟ್ಟೆ. ಅಲ್ಲಿ ಕ್ರಮ ತಿರುಗುಮುರುಗು. ಬೆನ್ನು ಮುಂದೆ, ಬಾಯಿ ಹಿಂದೆ. ಇಲ್ಲವಾದರೆ ಚರ್ಮವೂ ಸೀಳುತ್ತದೆ, ಹರಿತವೂ ಹೋಗುತ್ತದೆ. ಪ್ರತಿ ಕ್ಷೌರಕ್ಕೂ ಮುನ್ನ ಇಪ್ಪತ್ತು ಮೂವತ್ತು ಸಲ ತೀಡುತ್ತಿದ್ದರೆ ತಿಂಗಳುಗಟ್ಟಲೆ ಕಲ್ಲಿನ ಮುಖ ನೋಡಬೇಕಾಗಿಲ್ಲ. ಕೆಲಸ ಮುಗಿದ ಮೇಲೆ ಒರೆಸಿ ಒಣಗಿಸಿ ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೆ ತುಕ್ಕು ಹತ್ತಿರ ಸುಳಿಯದು.

ಕ್ಷೌರ ಮಾಡಿಕೊಳ್ಳುವಾಗ ಬಿಸಿನೀರು ಮತ್ತು ಸೋಪಿನಿಂದ ಗಡ್ಡ ಮೆತ್ತಗಾಗಬೇಕು. ಇನ್ನೊಂದು ಕೈಯಿಂದ ಚರ್ಮವನ್ನು ಬಿಗಿಹಿಡಿದು, ಅಲಗನ್ನು ಸುಮಾರು 30 ಡಿಗ್ರಿ ಓರೆಯಾಗಿಟ್ಟು, ಕೂದಲು ಬೆಳೆದ ದಿಕ್ಕಿನಲ್ಲೇ ಎಳೆಯಬೇಕು. ಕಲಿಯುವವರು ಮೊದಲ ವಾರ ಕೆನ್ನೆಯನ್ನಷ್ಟೇ ಕೆರೆದುಕೊಂಡು, ಗದ್ದ ಗಂಟಲುಗಳನ್ನು ಅನುಭವಿಗಳಿಗೆ ಬಿಡುವುದು ವಿವೇಕ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಕ್ಷೌರದಂಗಡಿಗಳಿಂದ ಈ ಕತ್ತಿ ಮರೆಯಾದದ್ದಕ್ಕೆ ಕೊಳ್ಳುಬಾಕತನವೊಂದೇ ಕಾರಣವಲ್ಲ. 1986ರಲ್ಲಿ ಭಾರತದಲ್ಲಿ ಎಚ್ಐವಿ ಪತ್ತೆಯಾದ ಬಳಿಕ, ಒಂದೇ ಕತ್ತಿಯಿಂದ ಹತ್ತು ಜನರಿಗೆ ಕ್ಷೌರ ಮಾಡುವುದರ ಅಪಾಯ ಜನರಿಗೆ ಅರಿವಾಗತೊಡಗಿತು. ಹೆಪಟೈಟಿಸ್-ಬಿ ವೈರಾಣುವಂತೂ ಒಣಗಿದ ರಕ್ತದಲ್ಲಿ ಕನಿಷ್ಠ 7 ದಿನ ಸೋಂಕು ಹರಡಬಲ್ಲದು. ಪಟಕದ ಕಲ್ಲಿನಿಂದ ಉಜ್ಜಿದರೆ, ಬಟ್ಟೆಯಿಂದ ಒರೆಸಿದರೆ ಅದು ಸಾಯುವುದಿಲ್ಲ. ಆದ್ದರಿಂದ ಅಂಗಡಿಯಲ್ಲಿ ಪ್ರತಿಯೊಬ್ಬರಿಗೂ ಹೊಸ ಅರ್ಧ ಬ್ಲೇಡನ್ನು ಸಿಕ್ಕಿಸುವ ಈಗಿನ ಪದ್ಧತಿಯೇ ಸರಿ. ಮಲೆಮಹದೇಶ್ವರ ಬೆಟ್ಟದಂತಹ ಕ್ಷೇತ್ರಗಳಲ್ಲಿ ಮುಡಿ ಕೊಡುವಾಗಲೂ ಹೊಸ ಬ್ಲೇಡನ್ನು ಕೇಳಿ ಹಾಕಿಸಿಕೊಳ್ಳಬೇಕು. ಹಳೆಯ ಕತ್ತಿ ಮರಳಿ ಬರುವುದಾದರೆ ಒಬ್ಬನ ಮನೆಯಲ್ಲಿ, ಒಬ್ಬನ ಮುಖಕ್ಕೆ ಮಾತ್ರ ಬರಬೇಕು. ಅಪ್ಪ ಮಕ್ಕಳೂ ಅದನ್ನು ಹಂಚಿಕೊಳ್ಳಬಾರದು. ಪರಿಸರದ ಹೆಸರಿನಲ್ಲಿ ಆರೋಗ್ಯವನ್ನು ಪಣಕ್ಕಿಡುವುದು ಚಳವಳಿಯ ಕೆಲಸವಲ್ಲ.

ಇನ್ನೊಂದು ಮಾತು ಇದಕ್ಕಿಂತ ಕಠಿಣವಾದುದು. ಹಳೆಯದೆಲ್ಲ ಚೆನ್ನಾಗಿತ್ತೆಂದು ಹಾಡುವುದು ಸುಲಭ. ಆದರೆ ಈ ಕತ್ತಿ ಯಾರ ಕೈಯಲ್ಲಿತ್ತು? ಹಳ್ಳಿಯ ಆಯಗಾರರಲ್ಲಿ ಒಬ್ಬನಾಗಿ ಸುಗ್ಗಿಯಲ್ಲಿ ಕೊಟ್ಟಷ್ಟು ಕಾಳು ಪಡೆದು, ವರ್ಷವಿಡೀ ಮನೆಮನೆಗೆ ನಡೆದವರ ಕೈಯಲ್ಲಿತ್ತು. ಅವರೇ ಕುರು ಕೊಯ್ಯುತ್ತಿದ್ದರು, ಮದುವೆಗೆ ಓಲಗ ಊದುತ್ತಿದ್ದರು. ಆದರೂ ಅವರ ವೃತ್ತಿಯ ಹೆಸರನ್ನೇ ಬೈಗುಳವಾಗಿ ಬಳಸಿತು ಈ ಸಮಾಜ. ಹನ್ನೆರಡನೆಯ ಶತಮಾನದಲ್ಲಿ ಹಡಪದ ಅಪ್ಪಣ್ಣನೂ ಆತನ ಮಡದಿ ಲಿಂಗಮ್ಮನೂ ವಚನಕಾರರಾಗಿ ಶರಣರ ಸಾಲಿನಲ್ಲಿ ಕುಳಿತರೆಂದು ಹೆಮ್ಮೆಪಡುವ ನಾಡು ಇದು. ಅದೇ ನಾಡಿನಲ್ಲಿ ದಲಿತರ ತಲೆಗೆ ಕತ್ತರಿ ಮುಟ್ಟಿಸದ ಊರುಗಳೂ ಇದ್ದವು. ಅಂತಹ ಸುದ್ದಿಗಳು ಇಂದಿಗೂ ಪತ್ರಿಕೆಗಳಲ್ಲಿ ಬರುತ್ತವೆ. ಅಲ್ಲಿ ಅಂಗಡಿಯವನ ಕೈಯನ್ನು ತಡೆಯುವುದು ಬಹುಮಟ್ಟಿಗೆ ಊರಿನ ಬಲಾಢ್ಯರ ಕಟ್ಟಪ್ಪಣೆ. ಸಂವಿಧಾನದ 15ನೇ ವಿಧಿ ಮತ್ತು 1955ರ ಕಾಯ್ದೆ ಇದನ್ನು ನಿಷೇಧಿಸಿವೆ. ಕತ್ತಿಯ ತುಕ್ಕನ್ನು ತೆಗೆಯಹೊರಟವರು ಈ ತುಕ್ಕನ್ನು ಕಂಡೂ ಕಾಣದಂತೆ ಇರಲಾಗದು.

ಆದಕಾರಣ ನಮ್ಮ ಬಳಗ ತಮ್ಮ ಮುಂದೆ ಮೂರು ಕೋರಿಕೆಗಳನ್ನಿಡುತ್ತದೆ.

ಮೊದಲನೆಯದು, ಮನೆಯಲ್ಲಿ ಕ್ಷೌರ ಮಾಡಿಕೊಳ್ಳುವವರು ಪ್ಲಾಸ್ಟಿಕ್ ರೇಜರನ್ನು ಬಿಡಬೇಕು. ಮಡಿಸುವ ಕತ್ತಿ ಎಲ್ಲರ ಕೈಗೂ ಒಗ್ಗುವುದಿಲ್ಲ. ಕೈ ನಡುಗುವ ಹಿರಿಯರಿಗೆ ಅದು ಬೇಡವೇ ಬೇಡ. ಅಂಥವರಿಗೆ ಬ್ಲೇಡು ಬದಲಿಸುವ ಲೋಹದ ರೇಜರು ಒಳ್ಳೆಯ ನಡುದಾರಿ. ಅದು ಹತ್ತಾರು ವರ್ಷ ಬಾಳುತ್ತದೆ. ಎಸೆಯುವುದು ತೆಳುವಾದ ಉಕ್ಕನ್ನಷ್ಟೇ.

ಎರಡನೆಯದು, ಆ ತೆಳುವಾದ ಉಕ್ಕಿಗೂ ಒಂದು ಜಾಗ ಬೇಕು. ದಿನಕ್ಕೆ 20 ಮಂದಿ ಬರುವ ಅಂಗಡಿಯಲ್ಲಿ 20 ಅರ್ಧ ಬ್ಲೇಡುಗಳು ಕಸವಾಗುತ್ತವೆ; 300 ದಿನಕ್ಕೆ 6,000 ಚೂರುಗಳು. ತೂಕದಲ್ಲಿ ಎರಡು ಕಿಲೋ ಆಸುಪಾಸು ಇರಬಹುದು, ಆದರೆ ಪ್ರತಿ ಚೂರೂ ಒಬ್ಬ ಪೌರಕಾರ್ಮಿಕಳ ಬೆರಳನ್ನು ಸೀಳಬಲ್ಲದು, ಒಂದು ಹಸುವಿನ ಹೊಟ್ಟೆಯನ್ನು ಹೊಕ್ಕಬಲ್ಲದು. ಮುಚ್ಚಳಕ್ಕೆ ಸೀಳು ಕೊರೆದ ಒಂದು ತಗಡಿನ ಡಬ್ಬಿ ಪ್ರತಿ ಅಂಗಡಿಯಲ್ಲಿರಲಿ, ಪ್ರತಿ ಬಚ್ಚಲಿನಲ್ಲಿರಲಿ. ತುಂಬಿದ ಡಬ್ಬಿಯನ್ನು ತೆರೆಯದೆ, ಬಾಯಿ ಭದ್ರವಾಗಿ ಮುಚ್ಚಿ, ಒಳಗೆ ಏನಿದೆಯೆಂದು ಮೇಲೆ ಬರೆದು ಪಂಚಾಯಿತಿಯ ಕಸ ವಿಲೇವಾರಿ ಘಟಕಕ್ಕೆ ಒಪ್ಪಿಸಿದರೆ ಯಾರ ಕೈಯೂ ಕೊಯ್ಯದು.

ಮೂರನೆಯದು, ಮಸೆಯುವ ವಿದ್ಯೆಯನ್ನು ಉಳಿಸಬೇಕು. ಈ ಸಭೆಯಲ್ಲಿ ಕುಳಿತಿರುವ ಹಿರಿಯ ಕ್ಷೌರಿಕರು ಕಣ್ಣುಮುಚ್ಚಿ, ಕಲ್ಲಿನ ಸದ್ದಿನಿಂದಲೇ ಹರಿತವನ್ನು ಗುರುತಿಸಬಲ್ಲವರು. ಅವರನ್ನು ಗುರುಗಳೆಂದು ಕರೆದು, ಗೌರವಧನ ಕೊಟ್ಟು ಶಾಲೆಗೂ ಯುವಕ ಸಂಘಕ್ಕೂ ಕರೆಸಬೇಕು. ಕಲ್ಲಿನ ಮೇಲೆ ಕೈ ಪಳಗಿದ ಹುಡುಗನಿಗೆ ಮನೆಯ ಈಳಿಗೆಮಣೆ, ಗದ್ದೆಯ ಕುಡುಗೋಲು, ಬಡಗಿಯ ಉಳಿ ಎಲ್ಲವನ್ನೂ ಹದಕ್ಕೆ ತರುವ ಧೈರ್ಯ ಬರುತ್ತದೆ. ಒಂದು ವಸ್ತುವನ್ನು ದುರಸ್ತಿ ಮಾಡಬಲ್ಲವನು ಎರಡನೆಯದನ್ನು ಎಸೆಯುವ ಮುನ್ನ ಯೋಚಿಸುತ್ತಾನೆ.

ಕಾಡು ಉಳಿಸಿ ಎಂಬ ಘೋಷಣೆಯನ್ನು ನಾವು ಬೆಟ್ಟದ ಮೇಲೆ ಎಷ್ಟು ಸಲ ಕೂಗಿದರೂ, ಬಯಲಿನ ಬೇಡಿಕೆ ಕುಗ್ಗದೆ ಬೆಟ್ಟ ಉಳಿಯದು. ತಮ್ಮ ಅಟ್ಟದ ಕತ್ತಿಯನ್ನು ಇಳಿಸಿ ನೋಡಿ. ಬದುಕಿಸಲು ಬರುವಂತಿದ್ದರೆ ಬದುಕಿಸಿ. ಬದುಕಿಸುವ ಬಗೆಯನ್ನು ಬಲ್ಲವರು ತಮ್ಮ ಊರಿನಲ್ಲೇ ಇದ್ದಾರೆ; ಅವರ ಬಳಿ ಹೋಗಿ ವಿನಯದಿಂದ ಕೇಳಿ.